ಹೆದ್ದಾರಿ ತಿರುವಿನ ರಿಫ್ಲೆಕ್ಟರ್‌ಗಳು ಕಿತ್ತುಹೋಗುತ್ತಿರುವ ಬಗ್ಗೆ

ಸಂಘದ ಕಾರ್ಯದರ್ಶಿ:
ಮಾನ್ಯ ನಿವಾಸಿಗಳೇ, ನಮ್ಮ ಬಡಾವಣೆಯ ದಾರಿ ಹೆದ್ದಾರಿಗೆ ಸೇರುವ ತಿರುವಿನಲ್ಲಿ ಕಳೆದ ವರ್ಷ ರಸ್ತೆಯ ಮೇಲೆ ಅಂಟಿಸಿ ಕೂರಿಸಿದ್ದ ರಿಫ್ಲೆಕ್ಟರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗಾಗಲೇ ಕಿತ್ತುಹೋಗಿವೆ. ಮಳೆಯ ರಾತ್ರಿಯಲ್ಲಿ ಬಿಳಿ ಪಟ್ಟೆ ನೀರಿನಡಿ ಮುಳುಗಿ ಕಾಣದಾದಾಗ, ನೀರಿಗಿಂತ ಮೇಲೆದ್ದು ನಿಲ್ಲುವ ಇವುಗಳನ್ನೇ ನಂಬಿ ನಾವು ವಾಹನ ತಿರುಗಿಸುತ್ತೇವೆ. ಹೊಸದನ್ನು ಹಾಕಿಸುವಂತೆ ಮನವಿ ಸಲ್ಲಿಸೋಣವೇ?

ಮೂರನೇ ಅಡ್ಡರಸ್ತೆಯ ನಿವಾಸಿ:
ಖಂಡಿತ ಸಲ್ಲಿಸೋಣ ಸರ್. ಅಂಟು ಕಳಪೆಯೆಂದು ಸ್ಪಷ್ಟವಾಗಿ ಬರೆಯಿರಿ.

ಮೊದಲ ಅಡ್ಡರಸ್ತೆಯ ನಿವೃತ್ತ ಇಂಜಿನಿಯರ್:
ಹಾಗೆ ಬರೆಯುವ ಮುನ್ನ ದಯವಿಟ್ಟು ಇದನ್ನು ಗಮನಿಸಿ. ನಿನ್ನೆ ಬೆಳಿಗ್ಗೆ ರಸ್ತೆಯಂಚಿನಲ್ಲಿ ಬಿದ್ದಿದ್ದ ಏಳನ್ನು ಆಯ್ದು ತಂದು ಮಗುಚಿ ನೋಡಿದೆ. ಐದರ ತಳದಲ್ಲಿ ಬೆರಳು ದಪ್ಪದ ಡಾಂಬರು ಜಲ್ಲಿಯ ಸಮೇತ ಕಚ್ಚಿಕೊಂಡೇ ಬಂದಿದೆ. ಅಂದರೆ ಅಂಟು ಬಿಟ್ಟಿಲ್ಲ, ಅದರಡಿಯ ರಸ್ತೆಯೇ ಕಿತ್ತುಬಂದಿದೆ. ಇಲ್ಲಿ ಬಳಸಿರುವ ಎಪಾಕ್ಸಿ ಎಂಬ ರಾಳದ ಅಂಟು ಗಟ್ಟಿಯಾದ ಮೇಲೆ ಕಲ್ಲಿನಂತೆ ಗಡುಸಾಗುವುದರಿಂದ ಕಾಂಕ್ರೀಟಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಬಿಸಿಲಿಗೆ ಮೆತ್ತಗಾಗಿ ಭಾರಕ್ಕೆ ಜಗ್ಗುವ ಡಾಂಬರಿನ ಮೇಲೆ, ಪ್ರತಿ ಚಕ್ರದ ಹೊಡೆತಕ್ಕೂ ಕೆಳಗಿನ ಪದರವನ್ನು ಎಳೆಯುತ್ತಾ ಹೋಗುತ್ತದೆ. ಕಾಯಿಸಿ ಹಾಕುವ ಬಿಟುಮೆನ್ (ಡಾಂಬರಿನ ಜಾತಿಯ) ಅಂಟಾದರೆ ರಸ್ತೆಯ ಜೊತೆ ತಾನೂ ತುಸು ಬಾಗುತ್ತದೆ. ಉಳಿದೆರಡರ ತಳದಲ್ಲಿದ್ದದ್ದು ಧೂಳು ಮತ್ತು ಬಿಳಿ ಬಣ್ಣದ ಚಕ್ಕೆ: ಅವನ್ನು ಗುಡಿಸದೆ, ಪಟ್ಟೆಯ ಮೇಲೆಯೇ ಅಂಟಿಸಿದ್ದಾರೆ. ಇದು ನನಗೆ ನಿಜಕ್ಕೂ ಬೇಸರ ತಂದಿತು.

ಐದನೇ ಅಡ್ಡರಸ್ತೆಯ ನಿವಾಸಿ:
ತಳದಲ್ಲಿ ಕಾಲುಗಳಿರುವ, ರಂಧ್ರ ಕೊರೆದು ಕೂರಿಸುವ ಬಗೆಯನ್ನು ಕೇಳಬಹುದಲ್ಲವೇ ಸರ್?

ನಿವೃತ್ತ ಇಂಜಿನಿಯರ್:
ಲಾರಿಗಳು ಹೊರಳುವ ಆ ತಿರುವಿಗೆ ಅದೇ ಸೂಕ್ತ. ಆದರೆ ರಂಧ್ರಕ್ಕೆ ಅಂಟನ್ನು ಪೂರ್ತಿ ತುಂಬದಿದ್ದರೆ ನೀರಿಳಿದು ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಇನ್ನೊಂದು ವಿಷಯ: ಕದಲದೆ ಕುಳಿತಿರುವವುಗಳಲ್ಲೂ ಹಲವು ಮರಳಿನ ತಿಕ್ಕಾಟಕ್ಕೆ ಮಸುಕಾಗಿವೆ. ಬ್ರಿಟನ್ನಿನ ಪರ್ಸಿ ಶಾ 1930ರ ದಶಕದಲ್ಲಿ ರೂಪಿಸಿದ ಕ್ಯಾಟ್ ಐ ಎಂಬ ಗಾಜಿನ ರಸ್ತೆ ರಿಫ್ಲೆಕ್ಟರ್‌ನಲ್ಲಿ, ಚಕ್ರ ಒತ್ತಿದಾಗ ರಬ್ಬರು ಗಾಜನ್ನು ಒರೆಸಿಬಿಡುತ್ತದೆ. ನಮ್ಮಲ್ಲಿರುವ ಪ್ಲಾಸ್ಟಿಕ್ಕಿನವಕ್ಕೆ ಆ ಅನುಕೂಲವಿಲ್ಲ. ಆದ್ದರಿಂದ ಹಗಲಲ್ಲಿ ಎಣಿಸಿದರೆ ಸಾಲದು, ರಾತ್ರಿ ಹೆಡ್‌ಲೈಟ್ ಬೆಳಕಿನಲ್ಲೇ ನೋಡಬೇಕು.

ಕಾರ್ಯದರ್ಶಿ:
ಧನ್ಯವಾದಗಳು ಸರ್. ಸಂಖ್ಯೆಯ ಬದಲು ಕೂರಿಸುವ ವಿಧಾನವನ್ನೇ ಮುಂದಿಟ್ಟು ಮನವಿಯನ್ನು ತಿದ್ದುತ್ತೇನೆ, ಆ ಏಳರ ತಳದ ಚಿತ್ರಗಳನ್ನೂ ಲಗತ್ತಿಸುತ್ತೇನೆ. ಶನಿವಾರ ರಾತ್ರಿ ಎಂಟಕ್ಕೆ ಕಾರಿನಲ್ಲೇ ಕುಳಿತು ಪರಿಶೀಲಿಸಲು ಬರುವವರು ಇಲ್ಲಿ ತಿಳಿಸಿ. ಯಾರೂ ರಸ್ತೆಗೆ ಇಳಿಯುವುದು ಬೇಡ.