ನಮ್ಮ ಬಳಗದ ಸರ್ವರ್‌ಗೆ ಫ್ರೆಂಡಿಕಾನಾ, ಹಬ್‌ಜಿಲ್ಲಾನಾ?

ಡೊಂಬಿವಲಿ ಓದುಗ:
ನಮ್ಮದೊಂದು ಸಣ್ಣ ಕನ್ನಡ ಓದುಗರ ಬಳಗ. ಮ್ಯಾಸ್ಟೊಡಾನ್ ಅಂದರೆ ಟ್ವಿಟರ್ ಥರದ್ದೇ, ಆದರೆ ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ ಜಾಲ. ಅದರಲ್ಲಿ ನಾವೆಲ್ಲ ಬರೆಯುತ್ತಿದ್ದ ಸರ್ವರ್ ಮುಚ್ಚಿತು. ಫಾಲೋವರ್‌ಗಳು ಹೊಸ ಖಾತೆಗೆ ಬಂದರು, ಹಳೆಯ ಪೋಸ್ಟ್‌ಗಳು ಬರಲಿಲ್ಲ. ಹಿರಿಯರೊಬ್ಬರು ಹಳೆಯ ಮಾಟುಂಗಾದ ಬಗ್ಗೆ ಕಂತು ಕಂತಾಗಿ ಬರೆದದ್ದು ಡೌನ್‌ಲೋಡ್ ಮಾಡಿದ ಫೈಲಿನಲ್ಲಿದೆ, ಆದರೆ ಅದನ್ನು ಹೊಸ ಖಾತೆಗೆ ಹಾಕೋಕೆ ಆಗಲ್ಲ. ಈಗ ನಮ್ಮದೇ ಸರ್ವರ್ ಹಾಕೋಣ ಅಂತ. ಇಂಥ ಸರ್ವರ್ ನಡೆಸುವ ಸಾಫ್ಟ್‌ವೇರ್‌ಗಳಾದ ಫ್ರೆಂಡಿಕಾ, ಹಬ್‌ಜಿಲ್ಲಾ, ಸ್ಟ್ರೀಮ್ಸ್ ಎಲ್ಲ ಒಂದೇ ಮನೆಯವು ಅಂತಾರೆ, ಹೌದಾ? ಯಾಕೆ ಇಷ್ಟೊಂದು ಫೋರ್ಕ್ (ಒಂದರ ಕೋಡ್ ತೆಗೆದುಕೊಂಡು ಬೇರೆಯಾಗಿ ಬೆಳೆಸಿದ್ದು)?

ಕೋಥ್ರೂಡ್ ಭಟ್ರು:
ಹೌದು ಸರ್, ಮೂರನ್ನೂ ಶುರು ಮಾಡಿದ್ದು ಮೈಕ್ ಮ್ಯಾಕ್‌ಗರ್ವಿನ್ ಒಬ್ಬರೇ. 2010ರಲ್ಲಿ ಮಿಸ್ಟ್‌ಪಾರ್ಕ್ ಅಂತ ಬಂದದ್ದೇ ಆಮೇಲೆ ಫ್ರೆಂಡಿಕಾ ಆಯಿತು. ಅದೇ ವರ್ಷ ನ್ಯೂಯಾರ್ಕಿನ ನಾಲ್ವರು ವಿದ್ಯಾರ್ಥಿಗಳು ಡಯಾಸ್ಪೊರಾ ಅನ್ನೋ ಇಂಥದೇ ಜಾಲಕ್ಕೆ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 2 ಲಕ್ಷ ಡಾಲರ್ ಕೂಡಿಸಿದ್ದರು, ಹೆಸರು ಮಾಡಿದ್ದು ಅದೇ. ಆದರೆ ನಿಮಗಾದ ತೊಂದರೆಗೆ ಮದ್ದು ಹುಡುಕಿದವರು ಮ್ಯಾಕ್‌ಗರ್ವಿನ್. ಸಣ್ಣ ಸರ್ವರ್ ಮುಚ್ಚಿದರೆ ಅದರ ಜೊತೆ ಜನರ ಖಾತೆಯೂ ಹೋಗುತ್ತೆ ಅಲ್ವಾ? ಅದಕ್ಕೇ ಫ್ರೆಂಡಿಕಾವನ್ನು ಅದರ ಬಳಗದ ಕೈಗೆ ಬಿಟ್ಟು ಬೇರೆಯದನ್ನೇ ಕಟ್ಟಿದರು, ಅದು 2015ರಲ್ಲಿ ಹಬ್‌ಜಿಲ್ಲಾ ಆಯಿತು. ಅಲ್ಲಿ ನಿಮ್ಮ ಗುರುತು ಸರ್ವರ್ ವಿಳಾಸದ ಮೇಲೆ ನಿಂತಿಲ್ಲ, ಒಂದು ಡಿಜಿಟಲ್ ಕೀಲಿಯ ಮೇಲೆ ನಿಂತಿದೆ. ಒಂದೇ ಚಾನೆಲ್ ಅನ್ನು, ಅಂದರೆ ನಿಮ್ಮ ಗುರುತು, ಬರಹ ಇರುವ ಜಾಗವನ್ನು, ಎರಡು ಸರ್ವರ್‌ನಲ್ಲಿ ಇಡಬಹುದು, ಇಲ್ಲಿ ಬರೆದದ್ದು ಅಲ್ಲೂ ಸೇರುತ್ತೆ, ಒಂದು ನಿಂತರೆ ಇನ್ನೊಂದರಿಂದ ಬರೀತಾ ಹೋಗಬಹುದು. ಸ್ಟ್ರೀಮ್ಸ್ ಅದೇ ದಾರಿಯಲ್ಲಿ ಆಮೇಲೆ ಬಂದದ್ದು. ಅದಕ್ಕೆ ಬೇಕಂತಲೇ ಹೆಸರಿಟ್ಟಿಲ್ಲ, ಕೋಡ್ ಇಟ್ಟ ಜಾಗದ ಹೆಸರಿನಿಂದಲೇ ಜನ ಕರೀತಾರೆ.

ಮಾಹಿಮ್ ಶೆಟ್ಟಿ:
ಫೋರ್ಕ್ ಅಂದರೆ ಜಗಳವೇ ಆಗಬೇಕಂತಿಲ್ಲ ಮಾರಾಯ್ರೆ. ಪೋಸ್ಟ್ ನಮ್ಮ ಸರ್ವರ್‌ನವರಿಗೆ ಮಾತ್ರ ಕಾಣಲಿ ಅನ್ನೋರಿಗೆ ಮ್ಯಾಸ್ಟೊಡಾನ್‌ನಿಂದ ಹೋಮ್‌ಟೌನ್ ಹುಟ್ಟಿತು. ನೋಡಿಕೊಳ್ಳುವವರು ಯಾರಿದ್ದಾರೆ ಅಂತ ಮಾತ್ರ ಮೊದಲು ನೋಡಿ. ಮಿಸ್‌ಕಿ ಅನ್ನೋ ಇಂಥದೇ ಸಾಫ್ಟ್‌ವೇರ್‌ನಿಂದ ಕವಲೊಡೆದ ಕ್ಯಾಲ್ಕಿ 2023ರಲ್ಲಿ ಫೈರ್‌ಫಿಶ್ ಅಂತ ಹೆಸರು ಬದಲಿಸಿಕೊಂಡಿತು, ಮರುವರ್ಷವೇ ಕೆಲಸ ನಿಲ್ಲಿಸುವ ಸುದ್ದಿ ಬಂತು. ನನ್ನ ಮತ ಫ್ರೆಂಡಿಕಾಗೆ. ಸಾಮಾನ್ಯ ವೆಬ್‌ಸೈಟ್‌ಗೆ ಬಳಸುವ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಇದ್ದರೆ ಸಾಕು. ಮ್ಯಾಸ್ಟೊಡಾನ್‌ನವರ ಜೊತೆಗೂ ಡಯಾಸ್ಪೊರಾದವರ ಜೊತೆಗೂ ಮಾತಾಡುತ್ತೆ. ಮ್ಯಾಸ್ಟೊಡಾನ್‌ನ ಹಾಗೆ 500 ಅಕ್ಷರದ ಕಟ್ಟೂ ಇಲ್ಲ, ಪ್ರಬಂಧ ಪೂರ್ತಿ ಹಾಕಬಹುದು. ಹಬ್‌ಜಿಲ್ಲಾದಲ್ಲಿ ಯಾರಿಗೆ ಏನು ಕಾಣಬೇಕು ಅನ್ನೋ ಸೆಟ್ಟಿಂಗ್ಸ್ ಜಾಸ್ತಿ, ಹಿರಿಯರಿಗೆ ಕಷ್ಟ.

ಡೊಂಬಿವಲಿ ಓದುಗ:
ಆ ಎರಡು ಪ್ರತಿಯ ಅನುಕೂಲ ಫ್ರೆಂಡಿಕಾದಲ್ಲಿ ಇದೆಯಾ?

ಕೋಥ್ರೂಡ್ ಭಟ್ರು:
ಇಲ್ಲ. ಹಬ್‌ಜಿಲ್ಲಾದಲ್ಲೂ ಮ್ಯಾಸ್ಟೊಡಾನ್‌ನಿಂದ ಫಾಲೋ ಮಾಡುವವರಿಗೆ ನಿಮ್ಮ ಎರಡನೇ ಪ್ರತಿ ತಾನಾಗಿ ಗೊತ್ತಾಗಲ್ಲ, ಅದನ್ನು ಮೊದಲೇ ಹೇಳಿಬಿಡಿ. ಆದರೆ ಬರಹ ಉಳಿಯುತ್ತೆ.

ಡೊಂಬಿವಲಿ ಓದುಗ:
ನಮಗೆ ಬರಹ ಉಳಿದರೆ ಸಾಕು. ಹಬ್‌ಜಿಲ್ಲಾನೇ ಹಾಕ್ತೀವಿ, ಸೆಟ್ಟಿಂಗ್ಸ್ ಹುಡುಗರು ಹೇಳಿಕೊಡ್ತಾರೆ. ಭಟ್ರೇ, ಎರಡನೇ ಪ್ರತಿ ಪುಣೆಯ ನಿಮ್ಮ ಸರ್ವರ್‌ನಲ್ಲಿ ಇಡಬಹುದಾ?

ಕೋಥ್ರೂಡ್ ಭಟ್ರು:
ಧಾರಾಳವಾಗಿ ಇಡಿ. ನಿಮ್ಮ ಸರ್ವರ್ ಎದ್ದ ಮೇಲೆ ಮೆಸೇಜ್ ಹಾಕಿ.