ಮಾವನ ಹಳೆಯ ಬೇಸ್ ಗಿಟಾರಿಗೆ ಬೆಲೆ ಕಟ್ಟುವುದು ಹೇಗೆ?

ಸೋಮವಾರಪೇಟೆಯಿಂದ ಪ್ರಶ್ನೆ

ನನ್ನ ಸೋದರಮಾವ ಎಂಬತ್ತರ ದಶಕದಲ್ಲಿ ತೋಟದ ಮಾಲೀಕರ ಕ್ಲಬ್ಬುಗಳಲ್ಲಿ, ಮದುವೆ ಮನೆಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಅತ್ತೆ ಅದನ್ನು ನನಗೆ ಕೊಟ್ಟಿದ್ದಾರೆ. ಗಿಟಾರಿನ ತಲೆಯ ಮೇಲೆ ಕಂಪನಿಯ ಹೆಸರು ಕಾಣದಂತೆ ಕಪ್ಪು ಬಣ್ಣ ಬಳಿದಿದೆ. ಹಿಂದೆ ಕೊರಳು ಸೇರುವಲ್ಲಿ ನಾಲ್ಕು ತಿರುಪಿನ ತಗಡಿದೆ, ಅದಕ್ಕೂ ಕಪ್ಪು ಬಣ್ಣ. ಮೂರು ನಾಬ್, ಎರಡು ಪುಟ್ಟ ಸ್ವಿಚ್ಚು, ಹಿಂಬದಿಯಲ್ಲಿ ಮರ ಕೊರೆದು ಕೂರಿಸಿದ 9 ವೋಲ್ಟ್ ಬ್ಯಾಟರಿಯ ಗೂಡು. ಆಂಪ್ಲಿಫೈಯರಿಗೆ ಜೋಡಿಸಿದರೆ ಗುಂಯ್ ಎನ್ನುವ ಸದ್ದು ಮಾತ್ರ ಬರುತ್ತದೆ. ಬೆಂಗಳೂರಿನ ಒಬ್ಬರು ಫೋಟೊ ನೋಡಿ 15,000 ರೂಪಾಯಿ ಕೊಡುತ್ತೇನೆ ಎಂದಿದ್ದಾರೆ. ಇದು ಯಾವ ಕಾಲದ್ದು? ಮೊದಲಿನಂತೆ ಮಾಡಿಸಿ ಮಾರಬೇಕೇ, ಹೀಗೆಯೇ ಕೊಡಬೇಕೇ?

ಮಡಿಕೇರಿಯಿಂದ

ಹದಿನೈದು ಸಾವಿರಕ್ಕೆ ದಯವಿಟ್ಟು ಇನ್ನೂ ಒಪ್ಪಿಕೊಳ್ಳಬೇಡಿ. ಒಳಗೇನಿದೆ ಎಂದು ನೋಡದೆ ಹೇಳಿದ ಬೆಲೆ ಅದು.

ಇಪ್ಪತ್ತೆರಡು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ. ಹಳೆಯವು ಐದಾರು ನನ್ನ ಕೈ ದಾಟಿ ಹೋಗಿವೆ. ಗುರುತು ಹಿಡಿಯುವಾಗ ತಲೆಯ ಮೇಲಿನ ಹೆಸರನ್ನು ನಾನು ಕೊನೆಗೆ ನೋಡುತ್ತೇನೆ. 2009ರಲ್ಲಿ ಕಣ್ಣೂರಿನಲ್ಲಿ ಅಮೆರಿಕದ ಹೆಸರಾಂತ ಕಂಪನಿ ‘ಫೆಂಡರ್’ನ ಹೆಸರು ಬರೆದಿದ್ದ ಬೇಸೊಂದನ್ನು ಆಸೆಪಟ್ಟು ಕೊಂಡೆ. ಮನೆಗೆ ತಂದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಎತ್ತಿ ನೋಡಿದರೆ ಗುಳಿಯ ಅಂಚಿನಲ್ಲಿ ಪ್ಲೈವುಡ್ಡಿನ ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು. ಅದು ನಕಲು! ಆ ದಿನದಿಂದ ನನಗೆ ಹೆಸರಿಗಿಂತ ಮರದ ಮಾತೇ ಮುಖ್ಯ.

ಮೊದಲು ಅಳತೆ ಹಿಡಿಯಿರಿ. ತಲೆಯ ಬುಡದಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿಯಿಂದ ಕೊರಳಿಗೆ ಅಡ್ಡಲಾಗಿರುವ ಲೋಹದ ಗೆರೆಗಳಲ್ಲಿ ಹನ್ನೆರಡನೆಯ ಫ್ರೆಟ್‌ವರೆಗೆ ಎಷ್ಟು ಇಂಚು ಎಂದು ನೋಡಿ ಎರಡರಿಂದ ಗುಣಿಸಿ. 34 ಬಂದರೆ ಅದು ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸಿನೊಂದಿಗೆ ತಂದ ಅಳತೆ. ಆಮೇಲೆ ಹೆಚ್ಚಿನವರು ಅದನ್ನೇ ಹಿಡಿದರು. 30ರ ಆಸುಪಾಸು ಬಂದರೆ ಗಿಡ್ಡ ಅಳತೆಯದು, ಅದರ ವಂಶವೇ ಬೇರೆ.

ಆಮೇಲೆ ಆ ತಗಡು. ಬಣ್ಣವನ್ನು ಥಿನ್ನರ್ ಹಾಕಿ ಉಜ್ಜಬೇಡಿ. ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಒತ್ತಿದ ಅಂಕಿಗಳು ಬಣ್ಣದಡಿಯಿಂದಲೇ ನೆರಳಾಗಿ ಕಾಣುತ್ತವೆ. ತಲೆಯ ಮೇಲಿನ ಹೆಸರಿಗೂ ಇದೇ ಉಪಾಯ. ಅಮೆರಿಕದ ಫೆಂಡರ್ ಆದರೆ 1976ರವರೆಗೆ ವಾದ್ಯದ ಕ್ರಮಸಂಖ್ಯೆ ತಗಡಿನ ಮೇಲಿರುತ್ತಿತ್ತು. ಆಮೇಲೆ ತಲೆಯ ಭಾಗಕ್ಕೆ ಹೋಯಿತು. ಎಪ್ಪತ್ತರ ದಶಕದ ನಡುವಿನಿಂದ ಜಪಾನಿನ ಐಬನೆಜ್ ಬೇಸುಗಳಲ್ಲಿ ಒಂದು ಅಕ್ಷರ, ಆರು ಅಂಕಿ ಇರುತ್ತವೆ. ಅಕ್ಷರ ತಿಂಗಳಿನದು: ‘ಎ’ ಜನವರಿ, ‘ಎಲ್’ ಡಿಸೆಂಬರ್. ಮೊದಲ ಎರಡು ಅಂಕಿ ಇಸವಿಯವು.

ತಗಡನ್ನೂ ಬದಲಿಸಿರಬಹುದಾದ್ದರಿಂದ ಕೊನೆಗೆ ಕೊರಳನ್ನು ಬಿಚ್ಚಿ ಅದರ ಬುಡವನ್ನು ನೋಡಲೇಬೇಕು. ಅಲ್ಲಿ ಮುದ್ರೆಯೋ ಪೆನ್ಸಿಲ್ ಬರಹವೋ ಇರುತ್ತದೆ. ಆದರೆ ಈಗ ಬೇಡ! ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಮನೆಯ ಬಾಗಿಲುಗಳೇ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ನಲವತ್ತು ವರ್ಷದ ತುಕ್ಕು ಹಿಡಿದ ತಿರುಪು ಸುಮ್ಮನೆ ಬರುತ್ತದೆಯೇ? ಬಲವಂತ ಮಾಡಿದರೆ ತಲೆ ಸವೆದು ಹೋಗುತ್ತದೆ, ಇಲ್ಲವೇ ಮರವನ್ನು ಕಿತ್ತುಕೊಂಡೇ ಹೊರಬರುತ್ತದೆ. ಮಳೆ ಕಡಿಮೆಯಾಗಲಿ. ಅಲ್ಲಿಯವರೆಗೆ ತಂತಿಗಳನ್ನು ಅರ್ಧ ಸಡಿಲಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಡದೆ ಗಾಳಿಯಾಡುವ ಒಳಕೋಣೆಯಲ್ಲಿ ಇಡಿ. ಬೆಚ್ಚಗಿರಲಿ ಎಂದು ಒಲೆಯ ಹತ್ತಿರ ಇಟ್ಟ ಒಂದು ಒಳ್ಳೆಯ ಕೊರಳು ಬಿಲ್ಲಿನಂತೆ ಬಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕುಶಾಲನಗರದಿಂದ

ರೇಡಿಯೊ, ಆಂಪ್ಲಿಫೈಯರ್ ರಿಪೇರಿ ನನ್ನ ಕೆಲಸ. ಒಳಗಿನ ವೈರಿಂಗ್ ಬಗ್ಗೆ ಮಾತ್ರ ಹೇಳುತ್ತೇನೆ.

ಬ್ಯಾಟರಿ ಇದೆ ಎಂದ ಮಾತ್ರಕ್ಕೆ ಆಮೇಲೆ ಬದಲಾಯಿಸಿದ್ದು ಎನ್ನಲಾಗದು. ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸಿನಲ್ಲಿ 1976ರಿಂದಲೇ ಕಾರ್ಖಾನೆಯ ಬ್ಯಾಟರಿ ಸರ್ಕ್ಯೂಟ್ ಇತ್ತು. ವ್ಯತ್ಯಾಸ ತಿಳಿಯುವುದು ಗುಳಿಯ ಅಂಚಿನಲ್ಲಿ. ಕಾರ್ಖಾನೆಯಲ್ಲಿ ಕೊರೆದ ಮೇಲೆ ಬಣ್ಣ ಹಾಕುತ್ತಾರೆ. ಬಣ್ಣ ಒಳಗಿನ ಗೋಡೆಯವರೆಗೂ ಇಳಿದಿರುತ್ತದೆ. ಉಳಿಯ ಗುರುತು, ಹಸಿ ಮರ, ಅಂಚಿನಲ್ಲಿ ಬಣ್ಣದ ಚಕ್ಕೆ ಎದ್ದಿರುವುದು ಕಂಡರೆ ಯಾರೋ ಆಮೇಲೆ ಕೊರೆದದ್ದು. ಬೆಸುಗೆಯೂ ಹಾಗೆಯೇ: ಹಳೆಯದು ಮಂಕಾಗಿರುತ್ತದೆ, ಹೊಸದು ಪಕ್ಕದಲ್ಲೇ ಹೊಳೆಯುತ್ತಿರುತ್ತದೆ.

ನಾಬ್‌ಗಳ ಕೆಳಗಿರುವ ಕಂಟ್ರೋಲಿನ ಬೆನ್ನ ಮೇಲೆ ಅಂಕಿಗಳಿರುತ್ತವೆ. ಅಮೆರಿಕದ್ದಾದರೆ, ಉದಾಹರಣೆಗೆ 1377633: 137 ಸಿಟಿಎಸ್ ಕಂಪನಿಯ ಸಂಕೇತ, 76 ಇಸವಿ, 33 ವಾರ. ಇಸವಿ ಕಂಡಿತೆಂದು ಹಿಗ್ಗಬೇಡಿ. ಅದು ಆ ಬಿಡಿಭಾಗದ ವಯಸ್ಸು, ವಾದ್ಯದ ವಯಸ್ಸಲ್ಲ. ಬದಲಾಯಿಸಿದ ವಾದ್ಯದಲ್ಲಿ ಹಳೆಯ ಬೆಸುಗೆ ಉಳಿದಿರುವ ಕಂಟ್ರೋಲನ್ನು ಮಾತ್ರ ನಂಬಬೇಕು.

ಗುಂಯ್ ಸದ್ದಿಗೆ ಸಾಮಾನ್ಯ ಕಾರಣ ತಂತಿಗಳು ಕೊನೆಗೊಳ್ಳುವ ಲೋಹದ ಸೇತುವೆಯಿಂದ ಒಳಕ್ಕೆ ಹೋಗುವ ಅರ್ಥ್ ವೈರ್ ಕಡಿದಿರುವುದು. ತೇವದಲ್ಲಿ ಅದು ಹಸಿರುಗಟ್ಟಿ ತುಂಡಾಗುತ್ತದೆ. ಹೊಸ ಬ್ಯಾಟರಿ ಹಾಕಿ ನೋಡಿ; ಹಳೆಯದು ಸೋರಿದ್ದರೆ ಅದರ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಂಥ ಬೇಸುಗಳಲ್ಲಿ ಸಾಮಾನ್ಯವಾಗಿ ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಚಾಲೂ ಆಗುತ್ತದೆ, ಆದ್ದರಿಂದ ನುಡಿಸಿದ ಮೇಲೆ ಕೇಬಲ್ ತೆಗೆದಿಡಬೇಕು. ಪಿಕಪ್ ಬದುಕಿದೆಯೇ ಎಂದು ತಿಳಿಯಲು ಮಲ್ಟಿಮೀಟರ್ ಸಾಕು. ಸಾಧಾರಣ ಪಿಕಪ್ ಸುಮಾರು 7ರಿಂದ 12 ಕಿಲೊ ಓಮ್ ತೋರಿಸುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ಸುರುಳಿ ಕಡಿದಿದೆ. ಪಿಕಪ್ಪಿನ ಒಳಗೇ ಸರ್ಕ್ಯೂಟ್ ಇರುವ ಜಾತಿಯದ್ದಾದರೆ ಈ ಲೆಕ್ಕ ನಡೆಯುವುದಿಲ್ಲ.

ಒಂದು ವೈರನ್ನೂ ಬಿಡಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ.

ಪೊನ್ನಂಪೇಟೆಯಿಂದ

‘ಮೊದಲಿನಂತೆ ಮಾಡಿಸಬೇಕೇ’ ಎಂದು ಕೇಳಿದ್ದೀರಿ. ಬೇಡ. ಅಂಗಡಿಯಿಂದ ಹೊಸ ಪಿಕಪ್ ತಂದು ಹಾಕಿದರೆ ಅದು ಎರಡನೆಯ ಬದಲಾವಣೆ ಆಗುತ್ತದೆ, ಮೊದಲಿನಂತೆ ಆಗುವುದಿಲ್ಲ.

ಬೆಲೆಗೆ ನನ್ನ ಲೆಕ್ಕ ಹೀಗೆ. ಅದೇ ಮಾದರಿ ಬದಲಾವಣೆಯಿಲ್ಲದೆ ಎಷ್ಟಕ್ಕೆ ಮಾರಾಟವಾಗಿದೆ ಎಂದು ಹುಡುಕಿ. ಮಾರುವವರು ಕೇಳುತ್ತಿರುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಡೀ ಮೈಗೆ ಮರುಬಣ್ಣ ಹಾಕಿದ್ದರೆ ಅರ್ಧ ಹೋಯಿತು. ಮರ ಕೊರೆದಿದ್ದರೆ ಮತ್ತಷ್ಟು ಇಳಿಯುತ್ತದೆ, ಏಕೆಂದರೆ ಮರವನ್ನು ಹಿಂದಕ್ಕೆ ತರಲಾಗದು. ಪಿಕಪ್, ಕಂಟ್ರೋಲು ಬದಲಾಗಿದ್ದು ಹಳೆಯವು ಕೈಯಲ್ಲಿದ್ದರೆ ನಷ್ಟ ಅಲ್ಪ. ಹಳೆಯವು ಇಲ್ಲದಿದ್ದರೆ ಬಹಳ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಅಪ್ಪನ ಜಪಾನಿ ಬೇಸಿನಿಂದ ತೆಗೆದ ಪಿಕಪ್ಪುಗಳು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿದ್ದವು. ಪುತ್ತರಿ ಹಬ್ಬಕ್ಕೆ ಮನೆ ಚೊಕ್ಕಟ ಮಾಡುವಾಗ ಯಾವುದೋ ರೇಡಿಯೊ ಸಾಮಾನು ಎಂದುಕೊಂಡು ಗುಜರಿಗೆ ಹಾಕಿದೆ. ಎರಡು ತಿಂಗಳ ಮೇಲೆ ಕೊಳ್ಳಲು ಬಂದವರು ಅರವತ್ತು ಸಾವಿರದ ಮಾತಾಡಿದ್ದರು. ಒಳಗೆ ನೋಡಿ, ಹಳೆಯ ಪಿಕಪ್ ಎಲ್ಲಿ ಎಂದು ಕೇಳಿ, ಮೂವತ್ತೆಂಟಕ್ಕೆ ಇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪ ಅಷ್ಟು ವರ್ಷ ಜೋಪಾನ ಮಾಡಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕಳೆದೆನಲ್ಲ ಎಂಬ ನೋವು ಇನ್ನೂ ಇದೆ.

ನಿಮ್ಮ ಅತ್ತೆಯವರನ್ನು ಕೇಳಿ. ಬಿಸ್ಕತ್ತಿನ ಡಬ್ಬಿ, ಹೊಲಿಗೆ ಪೆಟ್ಟಿಗೆ, ಕೋವಿಯ ಸಾಮಾನಿಡುವ ಕಪಾಟು, ಎಲ್ಲವನ್ನೂ ನೋಡಿ. ತಾವೇ ಬದಲಾಯಿಸಿಕೊಂಡ ವಾದಕರು ಹಳೆಯದನ್ನು ಎಸೆಯುವುದು ಅಪರೂಪ.

ಸೋಮವಾರಪೇಟೆಯಿಂದ, ಮೂರು ದಿನದ ನಂತರ

ಅಳತೆ 34 ಇಂಚು ಬಂತು. ಟಾರ್ಚ್ ಓರೆ ಹಿಡಿದಾಗ ತಗಡಿನ ಮೇಲೆ ‘ಜಿ’ ಅಕ್ಷರ, ಅದರ ಮುಂದೆ 79ರಿಂದ ಆರಂಭವಾಗುವ ಆರು ಅಂಕಿ. ಹಾಗಾದರೆ ಜುಲೈ 1979 ತಾನೇ? ಕೈಲ್ ಮುಹೂರ್ತದ ಹಬ್ಬ ಕಳೆದು ಮಳೆ ಹಿಡಿತಕ್ಕೆ ಬಂದ ಮೇಲೆ ಕೊರಳು ಬಿಚ್ಚಿ ಖಚಿತ ಮಾಡಿಕೊಳ್ಳುತ್ತೇನೆ. ಬ್ಯಾಟರಿ ಗೂಡಿನ ಅಂಚಿನಲ್ಲಿ ಉಳಿಯ ಗುರುತು ಸ್ಪಷ್ಟವಾಗಿದೆ. ಅದು ಮಾವನ ಕೆಲಸವೇ.

ಅತ್ತೆಯನ್ನು ಕೇಳಿದೆ. ಮಾತಾಡದೆ ಒಳಗೆ ಹೋಗಿ, ಸೀರೆಗಳ ಅಡಿಯಿಂದ ಒಂದು ಚಾಕೊಲೇಟ್ ಡಬ್ಬಿ ತಂದರು. ಎರಡು ಪಿಕಪ್, ಮೂರು ಕಂಟ್ರೋಲು, ಕೇಬಲ್ ಚುಚ್ಚುವ ಒಂದು ಜ್ಯಾಕ್. ಜೊತೆಗೆ ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ ಎಂದು ಮಾವ ಪೆನ್ಸಿಲಿನಲ್ಲಿ ಬರೆದ ಚಿತ್ರ. ಬೆಂಗಳೂರಿನವರಿಗೆ ಸದ್ಯಕ್ಕೆ ಕೊಡುವುದಿಲ್ಲ ಎಂದು ಹೇಳಿದ್ದೇನೆ.

ಕುಶಾಲನಗರದವರೇ, ಮುಂದಿನ ವಾರ ಡಬ್ಬಿಯನ್ನೂ ಆ ಚಿತ್ರವನ್ನೂ ತಂದರೆ ಆ ಪಿಕಪ್‌ಗಳಿಗೆ ಮೀಟರ್ ಹಿಡಿದು ನೋಡುವಿರಾ? ಅತ್ತೆಯೂ ಬರುತ್ತೇನೆ ಎನ್ನುತ್ತಿದ್ದಾರೆ.