ಬೀದಿನಾಟಕ ನೋಡಿದವರು ಬೀದಿಗಿಳಿಯುತ್ತಾರೆಯೇ?

ಪ್ರಶ್ನೆ
ನಮ್ಮ ಹವ್ಯಾಸಿ ತಂಡವು ಗುತ್ತಿಗೆ ಪೌರಕಾರ್ಮಿಕರ ವೇತನ ಬಾಕಿಯನ್ನು ಕುರಿತು ಬೀದಿನಾಟಕವೊಂದನ್ನು ಸಿದ್ಧಪಡಿಸುತ್ತಿದೆ. ಹಿಂದಿನ ನಾಟಕಗಳನ್ನು ನೋಡಿದವರು ಮರುಗಿದರು, ಚಪ್ಪಾಳೆ ತಟ್ಟಿದರು, ಮನೆಗೆ ಹೋದರು. ಮುಂದೆ ಏನೂ ಆಗಲಿಲ್ಲ. ಪ್ರೇಕ್ಷಕರನ್ನು ನಿಜವಾಗಿ ಕ್ರಿಯೆಗೆ ಹಚ್ಚಿದ ನಾಟಕಗಳು ಅದನ್ನು ಸಾಧಿಸಿದ್ದು ಹೇಗೆ?

ಉತ್ತರ 1
1975ರಲ್ಲಿ ಹುಟ್ಟಿದ ನಮ್ಮ ಕರ್ನಾಟಕದ ರಂಗತಂಡ ‘ಸಮುದಾಯ’ವನ್ನೇ ಮೊದಲು ನೆನೆಯಬೇಕು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಸುಟ್ಟುಹಾಕಿದ ಘಟನೆಯನ್ನು ಅದು ಸಿ.ಜಿ.ಕೆ. ನಿರ್ದೇಶನದ ‘ಬೆಲ್ಚಿ’ಯ ಮೂಲಕ ಇಲ್ಲಿನ ಬೀದಿಗಳಿಗೆ ತಂದಿತು. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯೂ ಬೇರೂರುತ್ತಿದ್ದುದರಿಂದ, ನಾಟಕ ನೋಡಿ ಕುದ್ದವರಿಗೆ ಮರುದಿನ ಹೋಗಿ ಸೇರಲು ಒಂದು ಸಂಘಟನೆಯಿತ್ತು. ನಿಮ್ಮ ಹಿಂದಿನ ನಾಟಕಗಳಿಗೆ ಇಲ್ಲದಿದ್ದದ್ದು ಬಹುಶಃ ಇದೇ.

ದೆಹಲಿಯ ಬೀದಿನಾಟಕ ತಂಡ ಜನ ನಾಟ್ಯ ಮಂಚ್ 1978ರಲ್ಲಿ ಆಡಿದ ‘ಮಷೀನ್’ ಕಾಲು ಗಂಟೆಗಿಂತ ಚಿಕ್ಕದು. ಅದಕ್ಕೆ ಪ್ರೇರಣೆಯಾದ ಕಾರ್ಖಾನೆಯಲ್ಲಿ ಕಾರ್ಮಿಕರು ಕೇಳಿದ್ದು ಸೈಕಲ್ ನಿಲ್ಲಿಸಲು ಜಾಗ ಮತ್ತು ಒಂದು ಕ್ಯಾಂಟೀನ್. ಅವರ ಮೇಲೆ ಗುಂಡು ಹಾರಿತು. ಬೇಡಿಕೆ ಅಷ್ಟು ಸಣ್ಣದಾಗಿದ್ದುದರಿಂದಲೇ ಪ್ರತಿಯೊಬ್ಬ ಕಾರ್ಮಿಕನಿಗೂ ಅದು ತನ್ನದೆನಿಸಿತು ಎಂದು ನಾನು ನಂಬುತ್ತೇನೆ. 1989ರ ಜನವರಿ 1ರಂದು ದೆಹಲಿ ಬಳಿಯ ಸಾಹಿಬಾಬಾದ್‌ನಲ್ಲಿ ಮತ್ತೊಂದು ನಾಟಕದ ಪ್ರದರ್ಶನದ ನಡುವೆ ನಡೆದ ಹಲ್ಲೆಯಿಂದ ಈ ತಂಡದ ಸ್ಥಾಪಕರಲ್ಲೊಬ್ಬರಾದ ಸಫ್ದರ್ ಹಾಶ್ಮಿ ಮರುದಿನ ತೀರಿಕೊಂಡರು. ಜನವರಿ 4ರಂದು ಪತ್ನಿ ಮೊಲೊಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಮರಳಿ, ನಿಂತುಹೋಗಿದ್ದ ನಾಟಕವನ್ನು ಪೂರ್ಣವಾಗಿ ಆಡಿದರು.

ಉತ್ತರ 2
ಸಂಘಟನೆ ಬೇಕೆಂಬುದು ಸರಿ. ಆದರೆ ಕ್ರಿಯೆ ಯಾವುದೆಂದು ನಿರ್ಧರಿಸುವವರು ಯಾರು ಎಂಬುದನ್ನೂ ಕೇಳಬೇಕಲ್ಲವೇ? ಬ್ರೆಜಿಲ್‌ನ ರಂಗನಿರ್ದೇಶಕ ಅಗುಸ್ತೊ ಬೋವಾಲ್ ತಮ್ಮದೇ ಅನುಭವವೊಂದನ್ನು ದಾಖಲಿಸಿದ್ದಾರೆ. ಭೂಮಿಗಾಗಿ ರಕ್ತ ಚೆಲ್ಲೋಣವೆಂದು ರಂಗದ ಮೇಲೆ ಹಾಡಿದ ತಂಡವನ್ನು ವಿರ್ಜಿಲಿಯೊ ಎಂಬ ರೈತ, ಬಂದೂಕುಗಳೊಡನೆ ಬನ್ನಿ, ಜಮೀನ್ದಾರನ ಆಳುಗಳನ್ನು ಓಡಿಸೋಣ ಎಂದು ಕರೆದ. ಬಂದೂಕುಗಳು ನಾಟಕದವು, ತಾವು ಕಲಾವಿದರು ಎಂದು ಇವರು ಹಿಂಜರಿದಾಗ, ಚೆಲ್ಲಬೇಕೆಂದು ನೀವು ಹೇಳಿದ್ದು ನಮ್ಮ ರಕ್ತವನ್ನೇ ಹೊರತು ನಿಮ್ಮದನ್ನಲ್ಲ ಎಂಬುದು ಅವನಿಗೆ ಸ್ಪಷ್ಟವಾಯಿತು. ತಾವು ಹೊರಲಾರದ ಅಪಾಯಕ್ಕೆ ಇತರರನ್ನು ಪ್ರಚೋದಿಸುವುದನ್ನು ಬೋವಾಲ್ ಅಲ್ಲಿಗೆ ಬಿಟ್ಟರು.

ಮುಂದೆ ಅವರು ರೂಪಿಸಿದ ಫೋರಂ ರಂಗಭೂಮಿಯಲ್ಲಿ, ಶೋಷಿತ ಪಾತ್ರ ಸೋಲುವ ದೃಶ್ಯವನ್ನು ಒಮ್ಮೆ ಆಡಿ ಮತ್ತೆ ಮೊದಲಿನಿಂದ ಆಡುತ್ತಾರೆ. ಪ್ರೇಕ್ಷಕರು ಯಾವ ಘಟ್ಟದಲ್ಲಾದರೂ ತಡೆದು, ಆ ಪಾತ್ರದ ಜಾಗಕ್ಕೆ ಬಂದು ತಮ್ಮ ದಾರಿಯನ್ನು ಆಡಿ ತೋರಿಸುತ್ತಾರೆ. 1993ರಿಂದ 1996ರವರೆಗೆ ರಿಯೊ ನಗರಸಭೆಯ ಸದಸ್ಯರಾಗಿದ್ದ ಬೋವಾಲ್, ಇಂಥ ಪ್ರದರ್ಶನಗಳಿಂದ ಬಂದ ಸಲಹೆಗಳನ್ನು ಮಸೂದೆಗಳಾಗಿ ಮಂಡಿಸಿದರು, ಹದಿಮೂರು ಕಾನೂನುಗಳಾದವು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ‘ಜನ ಸಂಸ್ಕೃತಿ’ ಎಂಬ ರಂಗತಂಡ ಈ ಪದ್ಧತಿಯನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ.

ಉತ್ತರ 3
ಹಾಗಾದರೆ ಗುತ್ತಿಗೆದಾರನೆದುರು ಕಾರ್ಮಿಕರು ನಿಲ್ಲುವ ದೃಶ್ಯವನ್ನು ತೀರ್ಮಾನವಿಲ್ಲದೆ ಬಿಟ್ಟು, ಪೌರಕಾರ್ಮಿಕರ ನಡುವೆಯೇ ಮೊದಲು ಆಡಿ ನೋಡಿ. ಒಂದು ಎಚ್ಚರಿಕೆ: ಮಾತನಾಡಿದವರು ಮರುದಿನ ಕೆಲಸ ಕಳೆದುಕೊಳ್ಳಬಹುದಾದ್ದರಿಂದ, ಮೇಸ್ತ್ರಿಗಳು ಸುಳಿಯದ ಜಾಗವನ್ನು ಅವರ ಸಂಘದವರನ್ನು ಕೇಳಿಯೇ ಆರಿಸಿಕೊಳ್ಳಿ; ಯಾರ ಮುಖವನ್ನೂ ಮೊಬೈಲ್‌ನಲ್ಲಿ ಚಿತ್ರೀಕರಿಸಬೇಡಿ.